ಸಕ್ಕರೆ ಡಬ್ಬಿ ಬಚ್ಚಿಡುವುದನ್ನು ಹಾಗೂ ಮದುವೆ ಕೋಟಿಗಾಗಿ ಉಪವಾಸ ಬೀಳುವುದನ್ನು ನಿಷೇಧಿಸುವ ಬಗ್ಗೆ

ಗೃಹಾಡಳಿತ ಕಾರ್ಯಾಲಯ
(ಅಡುಗೆಮನೆ, ಔಷಧಿ ಪೆಟ್ಟಿಗೆ ಮತ್ತು ಹೊಲಿಗೆ ಯಂತ್ರ ವಿಭಾಗ)

ಸಂಖ್ಯೆ: ಗೃಆಕಾ/ಸಕ್ಕರೆ/ಕೋಟು/೧

ಸುತ್ತೋಲೆ

ವಿಷಯ: ಇನ್ಸುಲಿನ್ ಚುಚ್ಚಿಕೊಳ್ಳುವ ಮನೆ ಯಜಮಾನರು ಪ್ರಾಣಕ್ಕೆ ಸಂಚಕಾರ ತಂದುಕೊಳ್ಳದೆ ಮೈ ಇಳಿಸುವ ಕುರಿತು.

ಉಲ್ಲೇಖ:
(೧) ಮಗಳು ಹುಟ್ಟಿದ ದಿನ ಹೆರಿಗೆ ವಾರ್ಡಿನಲ್ಲಿ ಯಜಮಾನರು ಕೊಟ್ಟ ಮಾತು: “ಇವಳ ಮದುವೇಲಿ ನಾನು ನನ್ನ ಮದುವೆ ಕೋಟನ್ನೇ ಹಾಕ್ಕೊಳ್ತೀನಿ. ಒಂದೇ ಒಂದು ಹೊಲಿಗೆ ಬಿಚ್ಚಿದ್ರೂ ನಾನು ದರ್ಜಿನೇ ಅಲ್ಲ, ಬರೆದಿಟ್ಕೋ.”
(೨) ಕಳೆದ ಸೋಮವಾರ ಇಸ್ತ್ರಿ ಮೇಜಿನ ಕೆಳಗೆ ನಡೆದ ಘಟನೆ.
(೩) ವೈದ್ಯೆಯವರ ಬೈಗುಳ (ಮೌಖಿಕ).

ಪ್ರಸ್ತಾವನೆ:

ಮಗಳ ಮದುವೆ ಮುಂದಿನ ತಿಂಗಳಿಗೆ ನಿಗದಿಯಾಗಿರುತ್ತದೆ. ಕೋಟು ಅದೇ ಇದೆ. ಯಜಮಾನರು ಹಾಗೇ ಉಳಿದಿಲ್ಲ. ಗುಂಡಿಗೂ ಕಾಜಾಕ್ಕೂ ನಡುವೆ ಒಂದು ಗೇಣು ಅಂತರವಿರುವುದು ಸ್ಥಳ ಪರಿಶೀಲನೆಯಲ್ಲಿ ಕಂಡುಬಂದಿದೆ. ಸದರಿ ಅಂತರವನ್ನು ನೀಗಿಸಲು ಯಜಮಾನರು ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಂಡು, ತಿಂಡಿಯನ್ನು ಮೇಜಿನ ಕೆಳಗಿಂದ ನಾಯಿಗೆ ದಾಟಿಸಿ, ಮಹಡಿ ಮೆಟ್ಟಿಲು ಹತ್ತಿಳಿಯುವ ಕಾರ್ಯಕ್ರಮವನ್ನು ಕೈಗೊಂಡರು. ನಾಯಿ ದಪ್ಪಗಾಯಿತು.

ಉಲ್ಲೇಖ (೨)ರ ದಿನ, ಮನೆಯ ಮುಂಭಾಗದ ಹೊಲಿಗೆ ಅಂಗಡಿಯಲ್ಲಿ ಯಜಮಾನರು ಗಿರಾಕಿಯೊಬ್ಬರ ತೋಳಿನ ಅಳತೆಯನ್ನು ಎರಡು ಸಲ ಕುತ್ತಿಗೆಯಿಂದ ತೆಗೆದು, “ಏನಿಲ್ಲ, ಸ್ವಲ್ಪ ಸೆಕೆ” ಎಂದು ಬೆವರಿ, ಗ್ಲೂಕೋಸ್ ಮಾತ್ರೆಯೆಂದು ಭಾವಿಸಿ ಗುರುತು ಹಾಕುವ ಸೀಮೆಸುಣ್ಣವನ್ನು ಅಗಿದು, ಮೇಜಿನ ಕೆಳಗೆ ಕುಸಿದರು. ಸಕ್ಕರೆ ತರಲು ಹೆಂಡತಿ, ತಾಯಿ, ಮಗಳು ಮೂವರೂ ಒಳಗೆ ಓಡಿದರು. ಈ ಮನೆಯಲ್ಲಿ ಯಜಮಾನರ ಬಾಯಿಚಪಲಕ್ಕೆ ಹೆದರಿ ಸಕ್ಕರೆ ಡಬ್ಬಿಯನ್ನು ಬಚ್ಚಿಡುವ ಪದ್ಧತಿಯು ಬಹುಕಾಲದಿಂದ ಜಾರಿಯಲ್ಲಿದೆ.

“ಅತ್ತೆ, ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ, ಎಲ್ಲಿ?”

“ಅಲ್ಲಿಟ್ರೆ ಅವನು ಮೂಸ್ಕೊಂಡು ಬರ್ತಾನೆ ಅಂತ ನಾನು ಹಾಸಿಗೆ ಪೆಟ್ಟಿಗೆಗೆ ಹಾಕಿದೆ ಕಣೇ!”

“ಅಯ್ಯೋ ಅಜ್ಜಿ, ಅಲ್ಲಿಂದ ನಾನು ತೆಗೆದೆ... ಎಲ್ಲಿಟ್ಟೆ ಅಂತ ನೆನಪಾಗ್ತಿಲ್ಲಮ್ಮ!”

ಯಜಮಾನರಿಗೆ ಇನ್ನೂ ನುಂಗುವಷ್ಟು ಪ್ರಜ್ಞೆಯಿದ್ದುದರಿಂದ, ಗಿರಾಕಿಯ ಚೀಲದಲ್ಲಿದ್ದ ಹಣ್ಣಿನ ರಸದಿಂದ ಅವರು ಉಳಿದರು. ಡಬ್ಬಿಯು ಬುಧವಾರ, ಕೆಟ್ಟ ಹೊಲಿಗೆ ಯಂತ್ರದ ಹೊಟ್ಟೆಯೊಳಗೆ, ಇರುವೆಗಳ ಸಹಕಾರದಿಂದ ಪತ್ತೆಯಾಯಿತು.

ಆದ್ದರಿಂದ ಈ ಮೂಲಕ ಸಂಬಂಧಪಟ್ಟ ಎಲ್ಲರಿಗೂ ಸೂಚಿಸಲಾಗಿದೆ:

೧. ಸಕ್ಕರೆ ಡಬ್ಬಿಯು ಇನ್ನು ಮುಂದೆ ಕತ್ತರಿಸುವ ಮೇಜಿನ ಮೇಲೆ, ಕೆಂಪು ದಾರ ಸುತ್ತಿಕೊಂಡು, ಹಿರಿಯ ಅಧಿಕಾರಿಯಂತೆ ಆಸೀನವಾಗಿರತಕ್ಕದ್ದು. ಬಚ್ಚಿಟ್ಟವರು ಯಜಮಾನರ ಪಾಲಿನ ಮೆಟ್ಟಿಲುಗಳನ್ನೂ ಹತ್ತತಕ್ಕದ್ದು.

೨. ಯಜಮಾನರ ತಾಯಿಯವರು ಸದರಿ ಡಬ್ಬಿಯನ್ನು ನೋಡಿ “ವಿಷ, ವಿಷ” ಎನ್ನುವಂತಿಲ್ಲ. ಅದು ಬಿದ್ದಾಗ ಮದ್ದು, ಎದ್ದಾಗ ಮಾತ್ರ ವಿಷ ಎಂದು ಸ್ಪಷ್ಟಪಡಿಸಲಾಗಿದೆ.

೩. ಇನ್ಸುಲಿನ್ ಚುಚ್ಚಿಕೊಂಡು ಊಟ ತಪ್ಪಿಸುವುದನ್ನು ನಿಷೇಧಿಸಲಾಗಿದೆ. ನಡಿಗೆಗಾಗಿ ಔಷಧಿ ಹೆಚ್ಚುಕಡಿಮೆ ಮಾಡುವ ಅಧಿಕಾರ ವೈದ್ಯೆಯವರದು. ದರ್ಜಿಯ ಕಣ್ಣಳತೆಯು ಅಂಗಿಗೆ ಮಾತ್ರ ಅನ್ವಯಿಸುತ್ತದೆ, ಸಿರಿಂಜಿಗಲ್ಲ.

೪. ನಡಿಗೆಗೆ ಹೊರಡುವ ಮುನ್ನ ಬೆರಳು ಚುಚ್ಚಿ ಸಕ್ಕರೆ ಮಟ್ಟ ನೋಡತಕ್ಕದ್ದು. ವೈದ್ಯೆಯವರು ಹೇಳಿದ ಅಂಕಿಗಿಂತ ಕೆಳಗಿದ್ದರೆ ಮೊದಲು ತಿಂಡಿ, ಆಮೇಲೆ ನಡಿಗೆ. ತೀರಾ ಮೇಲಿದ್ದರೆ ನಡಿಗೆಯನ್ನೇ ಮುಂದೂಡಿ ಅವರಿಗೆ ಫೋನ್ ಮಾಡತಕ್ಕದ್ದು. ದಿನವಿಡೀ ಸೂಜಿಯೊಂದಿಗೇ ಬಾಳುವವರು “ಅಯ್ಯೋ, ಸೂಜಿ!” ಎನ್ನುವುದನ್ನು ಪುರಸ್ಕರಿಸಲಾಗುವುದಿಲ್ಲ.

೫. ಎಡಜೇಬಿನಲ್ಲಿ ಸೀಮೆಸುಣ್ಣ, ಬಲಜೇಬಿನಲ್ಲಿ ಗ್ಲೂಕೋಸ್ ಮಾತ್ರೆ. ಅದಲುಬದಲಾದಲ್ಲಿ ಗಿರಾಕಿಯ ಪ್ಯಾಂಟಿನ ಮೇಲೆ ಗ್ಲೂಕೋಸಿನಿಂದ ಗೆರೆ ಎಳೆಯಲಾಗಿ, ಇರುವೆಗಳು ಪ್ಯಾಂಟಿನ ಮೇಲೆ ಹಕ್ಕು ಸ್ಥಾಪಿಸುವ ಸಂಭವವಿದೆ.

೬. ಕೈ ನಡುಗಿದರೆ, ಬೆವರಿದರೆ, ತೋಳು ಕುತ್ತಿಗೆಯಂತೆ ಕಂಡರೆ, ಇದ್ದಲ್ಲೇ ಕುಳಿತು ಸಿಹಿ ತಿಂದು, ಕಾಲು ಗಂಟೆ ಕಾದು, ಮತ್ತೆ ಬೆರಳು ಚುಚ್ಚಿ ನೋಡತಕ್ಕದ್ದು. “ಏನಿಲ್ಲ, ಸ್ವಲ್ಪ ಸೆಕೆ” ಎಂಬ ವಾಕ್ಯವನ್ನು ಎಲ್ಲಾ ಋತುಗಳಲ್ಲಿಯೂ ರದ್ದುಪಡಿಸಲಾಗಿದೆ.

೭. ನಡಿಗೆ ಮಾಡಿದ ದಿನ ಸಕ್ಕರೆಯು ನಿದ್ದೆಯಲ್ಲೂ ಇಳಿಯುವುದರಿಂದ, ಮಲಗುವ ಮುನ್ನ ಮತ್ತೊಮ್ಮೆ ಬೆರಳು ಚುಚ್ಚಿ ನೋಡತಕ್ಕದ್ದು. ಆಗಲೇ ಗೊರಕೆ ಆರಂಭಿಸಿದವರ ಬೆರಳನ್ನು ಸಹಿದಾರರು ಪೂರ್ವಸೂಚನೆಯಿಲ್ಲದೆ ವಶಪಡಿಸಿಕೊಳ್ಳುವರು.

೮. “ನೋಡೇ, ಪ್ಯಾಂಟು ಸಡಿಲ ಆಗಿದೆ” ಎಂಬುದನ್ನು ತೂಕ ಇಳಿದದ್ದಕ್ಕೆ ಸಾಕ್ಷಿಯಾಗಿ ಸ್ವೀಕರಿಸಲಾಗುವುದಿಲ್ಲ. ಪ್ಯಾಂಟು ಹೊಲಿಯುವವರೂ ತೊಡುವವರೂ ಒಬ್ಬರೇ ಆಗಿರುತ್ತಾರೆ.

೯. ತೂಕವು ನಿಧಾನವಾಗಿ ಇಳಿಯತಕ್ಕದ್ದು. ಈ ಸಂಬಂಧ ಉಲ್ಲೇಖ (೩)ನ್ನು ಯಥಾವತ್ ನೀಡಲಾಗಿದೆ: “ಇಷ್ಟು ವರ್ಷ ಬೆಳೆಸಿದ್ದನ್ನ ಒಂದೇ ತಿಂಗಳಲ್ಲಿ ಇಳಿಸ್ತೀನಂದ್ರೆ, ಮೈ ಏನು ಪ್ಯಾಂಟಿನ ಅಂಚಾ ಮಾಸ್ಟ್ರೇ, ಮಡಚಿ ಹೊಲಿಯೋಕೆ? ಮಗಳ ಮದುವೆಗೆ ಕೋಟು ಬರಬೇಕೋ, ನೀವು ಬರಬೇಕೋ?”

೧೦. ಸದರಿ ಪ್ರಶ್ನೆಗೆ ಸಹಿದಾರರೇ ಉತ್ತರಿಸಿರುತ್ತಾರೆ. ಅಂಗಡಿಯ ಕಾಜಾ-ಗುಂಡಿ ಕೆಲಸವನ್ನು ಇಷ್ಟು ವರ್ಷ ಮಾಡಿದ ಕೈಯಿಂದಲೇ ಕೋಟಿನ ಎರಡೂ ಬದಿಯ ಹೊಲಿಗೆಗಳನ್ನು ಬಿಚ್ಚಲಾಯಿತು. ಒಳಗೆ ಎರಡೂ ಕಡೆ ಧಾರಾಳವಾಗಿ ಬಟ್ಟೆ ಮಡಚಿ ಬಿಟ್ಟಿರುವುದು ಪತ್ತೆಯಾಗಿದೆ. ತಮ್ಮ ಮದುವೆಗೆ ಮುನ್ನ, ಇನ್ನೂ ಕಡ್ಡಿಯಂತಿದ್ದ ಕಾಲದಲ್ಲಿ, ಕೋಟು ಹೊಲಿಯುವಾಗ ಇದನ್ನು ಬಿಟ್ಟವರು ಸ್ವತಃ ಯಜಮಾನರು. ಮಾತು ಕೊಡುವಾಗ ಈ ಸಂಗತಿಯನ್ನು ಬಹಿರಂಗಪಡಿಸಿರಲಿಲ್ಲ. ಹೆಚ್ಚುವರಿ ಬಟ್ಟೆಯನ್ನು ಹೊರಬಿಟ್ಟು ಮರುಹೊಲಿಗೆ ಪೂರ್ಣಗೊಳಿಸಲಾಗಿದೆ. ಮಗಳ ಮದುವೆಯ ದಿನ ಕೋಟಿನೊಳಗೆ ಯಜಮಾನರು ಇರತಕ್ಕದ್ದು, ಮತ್ತು ಉಸಿರಾಡುತ್ತಿರತಕ್ಕದ್ದು.

ಸಹಿ/-
(ಸೂಜಿ ಚುಚ್ಚಿದ ಬೆರಳಿನಿಂದಾಗಿ ಓರೆಯಾಗಿದೆ)
ಮನೆಯಾಕೆ ಹಾಗೂ ಪದನಿಮಿತ್ತ ಗೃಹಾಡಳಿತಾಧಿಕಾರಿ

ಪ್ರತಿಗಳು:
೧. ಯಜಮಾನರಿಗೆ, ತಿಂಡಿಯ ತಟ್ಟೆಯೊಂದಿಗೆ.
೨. ಅವರ ತಾಯಿಯವರಿಗೆ, ಗಟ್ಟಿಯಾಗಿ ಓದಿ ಹೇಳುವುದು.
೩. ಮಗಳಿಗೆ; ಡಬ್ಬಿಯ ವಿಷಯದಲ್ಲಿ ಅತ್ತದ್ದು ಸಾಕು ಎಂಬ ಸೂಚನೆಯೊಂದಿಗೆ.
೪. ನಾಯಿಗೆ, ಮೆಟ್ಟಿಲು ಹತ್ತುವ ಕಾರ್ಯಕ್ರಮವನ್ನು ಕೂಡಲೇ ವಹಿಸಿಕೊಳ್ಳಲು.
೫. ಇರುವೆಗಳಿಗೆ, ಕೃತಜ್ಞತೆಯೊಂದಿಗೆ.
೬. ಕಡತಕ್ಕೆ. ಉಲ್ಲೇಖ (೧)ರ ಮಾತನ್ನು ಮುರಿಯಲಾಗಿದೆ.