ಲೈಸಿನ್ ಸುಳಿಯಬಾರದು

ಮಗಳ ಊಟದ ಡಬ್ಬಿ ಕೊಟ್ಟು ಸುಮ್ಮನೆ ಹೋಗಿದ್ದರೆ ಅಮೀನಗಡದಲ್ಲಿ ಟಂಟಂ ಆಟೋ ಓಡಿಸುವ ಮಹಾಂತೇಶನಿಗೆ ಆ ದಿನ ಯಾವ ರಗಳೆಯೂ ಇರುತ್ತಿರಲಿಲ್ಲ. ಪುಣ್ಯಾತ್ಮ ವಿಜ್ಞಾನ ಹೇಳಲು ಹೋದ.

"ಆಯಿ, ಡಬ್ಬಿಯಾಗಿಂದಷ್ಟ ಉಣಸ್ರಿ. ವಿದ್ಯಾನ ಹತ್ರ ಲೈಸಿನ್ ಸುಳೀಬಾರ್ದು. ಹೆಚ್ಚಾತಂದ್ರ ಫಿಟ್ಸ್ ಬರ್ತಾವ."

ಕೂಸನ್ನು ನೋಡಿಕೊಳ್ಳಲು ಬಂದಿದ್ದ ಪಕ್ಕದ ಮನೆಯ ದುರಗವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಶಿವನ! ಅದರಿಂದನೂ ಬರ್ತಾವ?"

"ವಂಶದಾಗ ಬಂದದ್ದರಿ ಅದು..." ಅನ್ನುವಷ್ಟರಲ್ಲಿ ಹೊರಗೆ ಪ್ರಯಾಣಿಕರು ಕೂಗಿದರು. ಮಾತು ಅರ್ಧಕ್ಕೇ ನಿಂತಿತು.

ಡಾಕ್ಟರು ಹೇಳಿದ್ದಿಷ್ಟು: ಹಾಲು, ಬೇಳೆ, ಗೋಡಂಬಿಯಂಥವುಗಳಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಈ ಕೂಸಿನ ಮೈ ಪೂರ್ತಿ ಅರಗಿಸಲಾರದು. ಅರ್ಧ ಉಳಿದದ್ದು ಬಿ-ಸಿಕ್ಸ್ ಜೀವಸತ್ವವನ್ನು ಹಾಳುಮಾಡಿ ಮಿದುಳನ್ನು ಕೆಣಕುತ್ತದೆ. ಅದಕ್ಕೇ ದಿನಾ ಬಿ-ಸಿಕ್ಸ್ ಗುಳಿಗೆ, ಅಳತೆಯ ಊಟ. ಹೀಗೆ ಜೋಪಾನ ಮಾಡಿ ವರ್ಷವಾಗಿತ್ತು, ವಿದ್ಯಾಗೆ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ. ಹೆಂಡತಿ ಬಾದಾಮಿಗೆ ಹೋದ ಈ ಒಂದು ದಿನ ಅದನ್ನು ಕೆಡಿಸಿಕೊಳ್ಳಲು ಮಹಾಂತೇಶ ತಯಾರಿರಲಿಲ್ಲ.

ಎರಡನೇ ಟ್ರಿಪ್ಪಿಗೆ ಸ್ಟ್ಯಾಂಡಿಗೆ ಬಂದರೆ ಗೆಳೆಯ ನಯೀಮ ಓಡಿಬಂದ.

"ಲೇ ಮಾಂತ್ಯಾ, ನಿನಗ ಫಿಟ್ಸ್ ಅಂತ? ಅದಕ್ಕ ಗಾಡಿ ಲೈಸನ್ ಕಸಗೊಂಡಾರಂತ? ಓಣಿ ತುಂಬ ಅದ ಮಾತು!"

"ಲೈಸನ್ ಅಲ್ಲೋ ಮಾರಾಯಾ, ಲೈಸಿನ್! ನನಗಲ್ಲ, ಮಗಳಿಗೆ!"

"ಅಷ್ಟ ಸಣ್ಣ ಕೂಸಿಗ್ಯಾಕ ಲೈಸನ್?"

ಟಂಟಂನಲ್ಲಿ ಕೂತಿದ್ದವರೆಲ್ಲ ಚೀಲ ಎತ್ತಿಕೊಂಡು ಇಳಿದರು. ಒಬ್ಬ ಅಜ್ಜ ನೇರ ಪೊಲೀಸರ ಹತ್ತಿರ ಹೋದ.

"ತಗಿ ಲೈಸೆನ್ಸು," ಅಂದರು ಪೊಲೀಸರು. ಮಹಾಂತೇಶ ಕಿಸೆ ಮುಟ್ಟಿಕೊಂಡ. ಲೈಸೆನ್ಸು ನಿನ್ನೆಯ ಅಂಗಿಯಲ್ಲಿ, ಮನೆಯ ಗೂಟದಲ್ಲೇ ಉಳಿದಿತ್ತು.

"ಗಾಡಿ ಇಲ್ಲೇ ಇರ್ಲಿ. ತಂದು ತೋರ್ಸಿ ಒಯ್ಯಿ."

ನಯೀಮನ ಗಾಡಿ ಹತ್ತಿ ಮನೆಗೆ ಬಂದ. ದುರಗವ್ವ ವಿದ್ಯಾಳನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲೇ ಕೂತಿದ್ದಳು. ಮುಖದಲ್ಲಿ ಗೆದ್ದ ಕಳೆ.

"ತಮ್ಮಾ, ಪುಣ್ಯಾಕ ನಾ ಇದ್ದೆ! ಗೂಟದಾಗಿನ ಅಂಗಿ ಜಗ್ಗಿ, ಕಿಸೆದಾಗಿಂದ ಲೈಸನ್ ತಗದು ಕಚ್ಚಾಕ ಹತ್ತಿತ್ತು ಕೂಸು! ಕಸಗೊಂಡು ಒಲಿಗೆ ಹಾಕೀನಿ. ಮನ್ಯಾಗ ಇನ್ನ ಲೈಸನ್ನಿನ ಸುಳಿವಿಲ್ಲ."

ಮಹಾಂತೇಶ ಕಟ್ಟೆಯ ಮೇಲೆ ಕುಸಿದು ಕೂತ. ಆಗ ಮಗಳ ಉಬ್ಬಿದ ಗಲ್ಲ ಕಂಡಿತು.

"ಆಯಿ, ಬಾಯಾಗೇನೈತಿ?"

"ಕರದಂಟು. ಕಸಗೊಂಡದ್ದಕ್ಕ ಭಾಳ ಅತ್ತಿತ್ತು ಪಾಪ."

ಬೆರಳು ಹಾಕಿ ತೆಗೆಯುವಷ್ಟರಲ್ಲಿ ವಿದ್ಯಾ ಗುಳುಕ್ಕನೆ ನುಂಗಿ ನಕ್ಕಳು. ಮಹಾಂತೇಶ ಡಾಕ್ಟರಿಗೆ ಫೋನು ಹಚ್ಚಿದ. ದುರಗವ್ವ ಅವನ ಬೆನ್ನು ಸವರಿದಳು.

"ಯಾಕ ಹೆದರ್ತಿಯೋ ಯಪ್ಪಾ? ಬರೀ ಗೋಡಂಬಿ, ಬೆಲ್ಲ. ಅದರಾಗೇನ್ ಲೈಸನ್ ಇರ್ತೈತಿ?"