ಸಾರಾಯಿ ಪ್ಯಾಕೆಟ್ಟಿನ ಸಾಕ್ಷಿ

ನೀರಿನ ಸಂಪ್‌ಗೆಂದು ಲಕ್ಷ್ಮೀಪತಿಯವರ ಸೈಟಿನಲ್ಲಿ ಗುಂಡಿ ತೋಡುತ್ತಿದ್ದ ಮಡಿವಾಳಪ್ಪ ಇದ್ದಕ್ಕಿದ್ದಂತೆ ಹಾರೆ ಕೆಳಗಿಟ್ಟು ಕೈಮುಗಿದ.

"ಸರ, ದೇವ್ರು ಬಂದಾನ್ರಿ."

ಕೆಂಗೇರಿಯ ಆಚೆ, ವೃಷಭಾವತಿ ಹೊಳೆ ತಿರುಗುವ ಕಡೆ ಇದ್ದ ಸೈಟದು. ಅಗ್ಗಕ್ಕೆ ಸಿಕ್ಕಿತ್ತು. ಯಾಕೆ ಅಗ್ಗ ಎಂದು ಲಕ್ಷ್ಮೀಪತಿ ಕೇಳಿರಲಿಲ್ಲ. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವವರು ನೆಲದ ವಿಷಯವನ್ನು ಇನ್ನೊಬ್ಬರನ್ನು ಕೇಳುವುದುಂಟೇ? ಆರ್‌ಪಿಸಿ ಲೇಔಟಿನ ಬಾಡಿಗೆ ಮನೆಯಲ್ಲಿ ಕೂತು ಜೀವಮಾನವಿಡೀ ಉಳಿಸಿದ್ದೆಲ್ಲ ಈ ನೆಲಕ್ಕೆ ಸುರಿದಾಗಿತ್ತು. ಹೆಂಡತಿ ಸತ್ಯವತಿ ಮಧ್ಯಾಹ್ನ ಊಟ ತಗೊಂಡು ಬರುವುದಾಗಿ ಹೇಳಿದ್ದಳು.

ಗುಂಡಿಯಲ್ಲಿ ಮೊಣಕಾಲೆತ್ತರದ ಕರಿ ಕಲ್ಲೊಂದು ನಿಂತಿತ್ತು. ಸುತ್ತಲ ಕೆಸರೆಲ್ಲ ಒದ್ದೆ, ಕಲ್ಲು ಮಾತ್ರ ಒಣಗಿತ್ತು. ನಡುವಿಗೆ ಮೂರು ಸುತ್ತು ಹಗ್ಗ.

"ಉಡಿದಾರದ ಸಮೇತ ಉದ್ಭವ ಆಗಿದೆ," ಎಂದರು ಪಕ್ಕದ ಮನೆಯ ಕಲ್ಯಾಣಮ್ಮ, ಅರಿಶಿನ ಕುಂಕುಮದ ತಟ್ಟೆ ಹಿಡಿದು. "ಸಾವಿರ ವರ್ಷದ್ದು ಕಣ್ರೀ. ಇಲ್ಲೇ ಗುಡಿ ಆಗ್ಬೇಕು. ನೀವು ಪುಣ್ಯವಂತರು, ಸೈಟು ಬಿಟ್ಕೊಡ್ತೀರ."

ಅದು ಪ್ರಶ್ನೆಯಾಗಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಬೀದಿಯವರೆಲ್ಲ ಚಪ್ಪಲಿ ಬಿಟ್ಟು ನಿಂತರು. ಗಂಟೆಯನ್ನು ಎಲ್ಲಿ ಕಟ್ಟಬೇಕೆಂಬ ಬಗ್ಗೆ ಆಗಲೇ ಎರಡು ಪಕ್ಷವಾಗಿತ್ತು. ಈ ಜಮೀನಿನ ಹಳೆಯ ಒಡೆಯ, ಮುದುಕ ಬೈರಯ್ಯ ಮಾತ್ರ ದೂರದ ಇಟ್ಟಿಗೆ ರಾಶಿಯ ಮೇಲೆ ಕೂತಿದ್ದ. ಬಾಯಿಗಿಟ್ಟ ಬೀಡಿಯನ್ನು ಹಚ್ಚಿರಲಿಲ್ಲ.

ಮನೆ ಕೈತಪ್ಪುವ ಭಯಕ್ಕೆ ಲಕ್ಷ್ಮೀಪತಿ ಪ್ಯಾಂಟು ಮಡಚಿ ಗುಂಡಿಗಿಳಿದರು. ಗುಂಡಿಯ ಗೋಡೆಯಲ್ಲಿ ಮರಳು, ಕರಿ ಹೂಳು, ಮತ್ತೆ ಮರಳು. ಹೂಳಿನಿಂದ ಪ್ಲಾಸ್ಟಿಕ್ ಕವರುಗಳು ನಾಲಿಗೆಗಳಂತೆ ಹೊರಚಾಚಿದ್ದವು. ಒಳಗೆ ಗಾಳಿ ಇರಲಿಲ್ಲ, ಆದರೂ ಅವು ಅಲ್ಲಾಡುತ್ತಿದ್ದವು.

"ನೋಡಿ, ಒಂದೊಂದು ಪ್ರವಾಹಕ್ಕೂ ಹೊಳೆ ಒಂದೊಂದು ಪದರ ಹಾಸುತ್ತೆ," ಎಂದು ಕ್ಲಾಸಿನ ದನಿಯಲ್ಲಿ ಶುರುಮಾಡಿದರು. "ಮೇಲಿನ ಪದರದಲ್ಲಿ ಬರೀ ಚಿಪ್ಸ್ ಕವರು. ಕೆಳಗೆ ಹೋದ್ರೆ ಸಾರಾಯಿ ಪ್ಯಾಕೆಟ್ಟು. ಸಾರಾಯಿ ನಿಂತಿದ್ದು 2007ರಲ್ಲಿ, ಈಗ 2009. ಕಲ್ಲು ಕೂತಿರೋದು ಸಾರಾಯಿ ಪದರದಲ್ಲಿ. ಸಾವಿರ ವರ್ಷ ಎಲ್ಲಿಂದ ಬಂತು?"

"ಅದು ದೇವರ ಸುತ್ತ ಬಿದ್ದ ಕಸ," ಎಂದರು ಕಲ್ಯಾಣಮ್ಮ ತಣ್ಣಗೆ. "ದೇವರು ಕೆಳಗಡೆಯಿಂದ ಎದ್ದು ಬಂದಿದ್ದು. ಬರೋ ದಾರೀಲಿ ಕಸ ಇದ್ರೆ ದೇವರೇನು ಮಾಡತ್ತೆ ಪಾಪ?"

ಜನ ತಲೆದೂಗಿದರು. ಆಗ ಹಗ್ಗದ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಸಾರಾಯಿ ಪ್ಯಾಕೆಟ್ಟೊಂದು ಲಕ್ಷ್ಮೀಪತಿಯವರ ಕಣ್ಣಿಗೆ ಬಿತ್ತು. ಮಡಿವಾಳಪ್ಪನ ಚಾಕು ಇಸಕೊಂಡು ಹಗ್ಗ ಕೊಯ್ದರು.

ಕಲ್ಲಿನ ಬುಡದಲ್ಲಿ ಗುಳುಗುಳು ಎಂದು ಗುಳ್ಳೆ ಎದ್ದವು, ಯಾರೋ ಬಹಳ ಹೊತ್ತಿನಿಂದ ಹಿಡಿದಿದ್ದ ಉಸಿರು ಬಿಟ್ಟಂತೆ. "ಮೀಥೇನ್," ಎಂದು ಲಕ್ಷ್ಮೀಪತಿ ತಮಗೆ ತಾವೇ ಹೇಳಿಕೊಂಡರು.

"ಏನೂಂದ್ರೆ," ಎಂದು ಸತ್ಯವತಿಯ ದನಿ ಕೇಳಿತು.

"ಬಂದೆ ಇರೇ," ಎಂದು ಅವರು ಹಗ್ಗದ ತುಂಡುಗಳನ್ನೂ ಎತ್ತಿಕೊಂಡು, ಪ್ಯಾಕೆಟ್ಟಿನ ಕೆಸರು ಒರೆಸುತ್ತ ಮೇಲೆ ಹತ್ತಿದರು. ಸತ್ಯವತಿ ಕಾಣಲಿಲ್ಲ. ನೆರಳು ಹುಡುಕಿಕೊಂಡು ಹೋಗಿರಬೇಕು ಎಂದುಕೊಂಡರು.

"ಓದ್ತೀನಿ ಕೇಳಿ. ಮಾರ್ಚ್ 2004. ಈ ಪ್ಯಾಕೆಟ್ಟು ಇಟ್ಟು ಅದರ ಮೇಲೆ ಹಗ್ಗ ಬಿಗಿದಿದಾರೆ. ಹಗ್ಗಾನೂ ಪ್ಲಾಸ್ಟಿಕ್ಕೇ. ದೇವರು ತಾನೇ ಅಂಗಡಿಗೆ ಹೋಗಿ ತಂದು ಕಟ್ಕೊಂಡಿತಾ? ಇದು ಮನುಷ್ಯರು ಹೂತಿರೋ ಕಲ್ಲು."

ಕಲ್ಯಾಣಮ್ಮ ಕುಂಕುಮದ ತಟ್ಟೆಯನ್ನು ಸೆರಗಿನಿಂದ ಮುಚ್ಚಿದರು. ಗೆದ್ದೆ ಎಂದು ಲಕ್ಷ್ಮೀಪತಿಗೆ ಎದೆ ಉಬ್ಬಿತು. ಬೈರಯ್ಯ ಇಟ್ಟಿಗೆ ರಾಶಿಯಿಂದ ಎದ್ದು ಬಂದ.

"ಇನ್ನೊಂದ್ಸಲ ಓದಿ ಸ್ವಾಮಿ."

"ಮಾರ್ಚ್ 2004."

"ಹಂಗಾದ್ರೆ ಅದೇ. ಆ ಪಾಕೀಟು ನಾನು ತಂದ್ಕೊಟ್ಟಿದ್ದು. ಇದು ಬೇರೆ ಕಲ್ಲಾಗಿರ್ಲಿ, ದೇವರೇ ಆಗಿರ್ಲಿ ಅಂತ ಬೆಳಿಗ್ಗೆಯಿಂದ ಬೇಡ್ಕೊಂತಿದ್ದೆ." ಮುದುಕನ ದನಿ ಇಳಿಯಿತು. "ಈ ತಿರುವಲ್ಲಿ ಒಂದು ಇತ್ತು. ಮನೆಯೋರ ದನೀಲೇ ಕೂಗೋದು. ಕೊಳ್ಳೇಗಾಲದಿಂದ ಮಂತ್ರವಾದೀನ ಕರ್ಸಿ, ಅದಕ್ಕೆ ಸಾರಾಯಿ ಕುಡ್ಸಿ, ಕಲ್ಲಿಗೆ ಕಟ್ಟಾಕ್ಸಿದ್ವಿ. ಎರಡು ಸಲ ನೂಲಿನ ಹಗ್ಗ ಕೊಳೆತೋಯ್ತು. ಮೂರನೇ ಸಲ ಪ್ಲಾಸ್ಟಿಕ್ಕು ಹಾಕ್ಸುದ್ವಿ. ಅದು ಕೊಳೆಯಲ್ವಲ್ಲ. ಆಮೇಲೆ ಹೊಳೆ ಬಂದು ಮುಚ್ಚಾಕ್ತು, ಜಾಗವೇ ತಿಳೀದಂಗಾಯ್ತು."

ಎಲ್ಲರೂ ಲಕ್ಷ್ಮೀಪತಿಯವರ ಕೈಯಲ್ಲಿದ್ದ ಚಾಕು ನೋಡಿದರು.

"ಕೂಗಿದ್ರೆ... ಏನಾಗತ್ತೆ?" ಎಂದರು ಲಕ್ಷ್ಮೀಪತಿ.

"ಕೂಗಿದ್ರೆ ಏನಿಲ್ಲ ಸ್ವಾಮಿ. ಓಗೊಟ್ರೆ ಜೊತೇಲೆ ಮನೆಗೆ ಬತ್ತದೆ."

ಲಕ್ಷ್ಮೀಪತಿ ಚಾಕುವನ್ನು ಬೆನ್ನ ಹಿಂದೆ ಮರೆಮಾಡಿದರು. "ನೋಡಿ, ನನ್ನ ಲೆಕ್ಕ ತಪ್ಪಿರಬಹುದು," ಎಂದರು. "ಹೊಳೇಲಿ ಪದರ ಮೇಲೆ ಕೆಳಗೆ ಆಗ್ತಾ ಇರತ್ತೆ. ಕಲ್ಲು ಸಾವಿರ ವರ್ಷದ್ದೇ ಇರಬೇಕು. ಗುಡಿ ಕಟ್ಟೋಣ ಕಲ್ಯಾಣಮ್ಮನೋರೆ, ಪೂರ್ತಿ ಸೈಟು ತಗೊಳ್ಳಿ."

"ಇಲ್ಲ ಸಾರ್," ಎಂದರು ಕಲ್ಯಾಣಮ್ಮ, ಚಪ್ಪಲಿ ಮೆಟ್ಟಿಕೊಳ್ಳುತ್ತ. "ನೀವು ಓದಿದೋರು. ಪದರ ತೋರಿಸಿದ್ರಿ, ತಾರೀಖು ತೋರಿಸಿದ್ರಿ. ನಂಬದೆ ಇರಕ್ಕಾಗತ್ತಾ?"

ಇಷ್ಟು ವರ್ಷದ ನೌಕರಿಯಲ್ಲಿ ಅವರ ಪಾಠವನ್ನು ಒಂದು ಗುಂಪು ಪೂರ್ತಿ ಒಪ್ಪಿದ್ದು ಅದೇ ಮೊದಲು. ಬೀದಿ ಖಾಲಿಯಾಯಿತು. ಮಡಿವಾಳಪ್ಪ, "ನಾ ಇನ್ನ ಬರಂಗಿಲ್ರಿ ಸರ," ಎಂದು ಹಾರೆಯನ್ನೂ ಬಿಟ್ಟು ನಡೆದ. ಲಕ್ಷ್ಮೀಪತಿ ಹಗ್ಗದ ತುಂಡುಗಳನ್ನು ಹಿಡಿದು ಗುಂಡಿಗೆ ಬೆನ್ನು ಹಾಕಿ ನಿಂತರು.

ಆಗ ರಸ್ತೆಯ ತುದಿಯಲ್ಲಿ ಆಟೋ ನಿಂತಿತು. ಊಟದ ಕ್ಯಾರಿಯರ್ ಹಿಡಿದು ಸತ್ಯವತಿ ಈಗಷ್ಟೇ ಇಳಿದಳು. ಗಾಳಿಗೆ ಕೆದರಿದ ಕೂದಲನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಹೇರ್‌ಪಿನ್ನನ್ನು ತುಟಿಯಲ್ಲಿ ಕಚ್ಚಿಕೊಂಡು ಬರುತ್ತಿದ್ದಳು. ಮಾತಾಡುವ ಹಾಗಿರಲಿಲ್ಲ.

"ಏನೂಂದ್ರೆ," ಎಂದು ಸತ್ಯವತಿಯ ದನಿ ಅವರ ಬೆನ್ನ ಹಿಂದಿನಿಂದ ಕೇಳಿತು. "ಮನೆಗೆ ಹೋಗೋಣ್ವಾ?"