ಕಾಶಿಯಲ್ಲಿ ಬಿಟ್ಟ ಅವರೆಕಾಯಿ

ಇಂಚರಾ, ಚಿರು, ಮೊನ್ನೆ ಭಾನುವಾರ ನೀವಿಬ್ಬರೂ ಶಾಲೆಯ ಪ್ರಾಜೆಕ್ಟು ಎಂದು ಫೋನನ್ನು ನನ್ನ ಮುಖಕ್ಕೆ ಹಿಡಿದು, "ಅಜ್ಜೀ, ಭಕ್ತಿ ಅಂದ್ರೇನು? ಎರಡೇ ನಿಮಿಷದಲ್ಲಿ ಹೇಳು" ಅಂದಿರಿ. ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಊರಿನ ಶಾಲೆಯಲ್ಲಿ ಹಾಜರಿ ಕೂಗುವಾಗ ನಾನು ಎಷ್ಟು ಮೆಲ್ಲಗೆ ಓಗೊಡುತ್ತಿದ್ದೆನೆಂದರೆ, ಎದುರಿಗೇ ಕೂತಿದ್ದರೂ ಮೇಷ್ಟ್ರು ಎಷ್ಟೋ ದಿನ ನಾನು ಬಂದಿಲ್ಲ ಎಂದೇ ಬರೆದುಕೊಂಡಿದ್ದಾರೆ. ದೇವಸ್ಥಾನದಲ್ಲಿ ಅರ್ಚನೆಗೆ ಹೆಸರು, ನಕ್ಷತ್ರ ಕೇಳಿದರೆ ಇವತ್ತಿಗೂ ಪಕ್ಕದಲ್ಲಿದ್ದವರ ಮುಖ ನೋಡುತ್ತೇನೆ. ಕಾಗದದ ಮುಂದೆ ಮಾತ್ರ ಅಷ್ಟು ನಾಚಿಕೆಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಭಕ್ತಿಯ ವಿಷಯ ದೊಡ್ಡವರು ದೊಡ್ಡದಾಗಿ ಹೇಳಿದ್ದಾರೆ. ನನಗೆ ಗೊತ್ತಿರುವ ಭಕ್ತಿಯಲ್ಲಿ ಒಂದು ಪಾತ್ರೆ ಹಿತಕಿದಬೇಳೆ ಸಾರು ಇದೆ.

ನಿಮ್ಮ ತಾತ ತೀರಿಕೊಂಡ ಮರುವರ್ಷ ನಮ್ಮೂರಿನ ಹೆಂಗಸರೆಲ್ಲ ಸೇರಿ ರೈಲಿನಲ್ಲಿ ಕಾಶಿಗೆ ಹೋದೆವು. ನನ್ನನ್ನು ಹೊರಡಿಸಿದವರು ನಿಮ್ಮ ದೊಡ್ಡಜ್ಜಿ, ಅಂದರೆ ನನ್ನ ಓರಗಿತ್ತಿ ಪುಟ್ಟಗೌರಮ್ಮ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಮದುವೆಯಾಗಿ ಬಂದ ದಿನದಿಂದ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಾ ಬಂದಿದ್ದಾರೆ. ಕಾಶಿಗೆ ಹೋದವರು ಇಷ್ಟವಾದ ಪದಾರ್ಥವೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಬದುಕಿರುವ ತನಕ ಅದನ್ನು ತಿನ್ನಬಾರದು. ಹೋದ ಜೀವದ ಹೆಸರಿನಲ್ಲಿ ಬಿಟ್ಟರೆ ಆ ಪುಣ್ಯ ಅವರಿಗೆ ಸೇರುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಏನು ಬಿಡುವುದು ಎಂದು ರೈಲಿನಲ್ಲಿ ಎರಡು ದಿನ ಚರ್ಚೆ ನಡೆಯಿತು. ಒಬ್ಬಾಕೆ ಸೋರೆಕಾಯಿ ಅಂದಳು, ಅವಳ ಮನೆಯಲ್ಲಿ ಅದನ್ನು ತರುವುದೇ ಇಲ್ಲ. ಅಕ್ಕ ಹಾಗಲಕಾಯಿ ಅಂದರು. ಹುಟ್ಟಿದಾಗಿನಿಂದ ಬಾಯಿಗೆ ಹಾಕದ್ದನ್ನು ಅಕ್ಕ ದೇವರಿಗಾಗಿ ತ್ಯಾಗ ಮಾಡಿದರು.

ನನಗೇಕೋ ಮನಸ್ಸು ಒಪ್ಪಲಿಲ್ಲ. ನಿಮ್ಮ ತಾತನಿಗೆಂದು ಬಿಡುವಾಗ ಮೋಸ ಮಾಡಬಾರದು ಅನ್ನಿಸಿತು. ಚಳಿಗಾಲದಲ್ಲಿ ಅವರು ಹೊಲದಿಂದ ಬಂದು ಕಾಲು ತೊಳೆದು, ನೆನೆಸಿದ ಅವರೆಕಾಳಿನ ಬೋಗುಣಿಯ ಮುಂದೆ ನನ್ನೆದುರು ಕೂತು ಸಿಪ್ಪೆಯಿಂದ ಬೇಳೆ ಹಿತುಕುತ್ತಿದ್ದರು. ನನಗೆ ಅವರೆಯಷ್ಟು ಇಷ್ಟವಾದದ್ದು ಬೇರೊಂದಿರಲಿಲ್ಲ. ಸರಿ, ಅದೇ ಎಂದು ಗಟ್ಟಿ ಮಾಡಿಕೊಂಡೆ. ಗಂಗೆಯ ಸ್ನಾನಘಟ್ಟದ ಮೆಟ್ಟಿಲಲ್ಲಿ ಸಾಲಾಗಿ ನಿಂತೆವು. ಹರಕುಮುರುಕು ಕನ್ನಡದ ಪುರೋಹಿತರು ಒಬ್ಬೊಬ್ಬರನ್ನೇ ಕೇಳುತ್ತಾ ನನ್ನ ಹತ್ತಿರ ಬಂದರು. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಅವರೆಕಾಯಿ ಅಂದೆ. ಪಕ್ಕದಿಂದ ಅಕ್ಕ ಏನೋ ಹೇಳಿದರು, ಗಂಟೆಗಳ ಸದ್ದಿನಲ್ಲಿ ಕೇಳಿಸಲಿಲ್ಲ. ಎಂದಿನ ಹಾಗೆ ನನ್ನ ಹೆಸರು ಹೇಳುತ್ತಿದ್ದಾರೆ ಅಂದುಕೊಂಡೆ. ಅಂಗೈಗೆ ನೀರು ಬಿತ್ತು, ಬಿಟ್ಟೆ, ಮುಗಿಯಿತು.

ಆಮೇಲಿನ ನಾಲ್ಕು ಚಳಿಗಾಲ ನಾನು ಪಟ್ಟ ಪಾಡು ನಿಮಗೆ ಗೊತ್ತಿಲ್ಲ. ನಮ್ಮ ಹೊಸಕೋಟೆ ಕಡೆ ಧನುರ್ಮಾಸದಲ್ಲಿ ಅವರೆಕಾಯಿಯಿಂದ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಅನುಗೊಂಡನಹಳ್ಳಿಗೆ ಹೋಗುವ ಬಸ್ಸು ಹತ್ತಿದರೆ ಸೀಟಿನ ಕೆಳಗೆ ಅವರೆಕಾಯಿ ಮೂಟೆ. ಉಪ್ಪಿಟ್ಟಿಗೆ ಅವರೆ, ರೊಟ್ಟಿಗೆ ಅವರೆ, ಸಾರಿಗೆ ಅವರೆ. ಸೊಗಡಿನ ಕಾಯಿ ಸುಲಿದು, ಕಾಳು ಹಿತುಕಿ, ಮಸಾಲೆ ರುಬ್ಬಿ, ಎಲ್ಲರಿಗೂ ಬಡಿಸಿ, ನಾನು ಮಜ್ಜಿಗೆ ಅನ್ನ ತಿಂದು ಏಳುತ್ತಿದ್ದೆ. ಯಾರಾದರೂ "ಅಬ್ಬಾ, ಏನ್ ಚೆನ್ನಾಗಿದೆ!" ಅಂದರೆ ಮೈ ಉರಿಯುತ್ತಿತ್ತು. ಸುಮ್ಮಸುಮ್ಮನೆ ರೇಗುತ್ತಿದ್ದೆ. ಭಕ್ತಿ ಎಂದರೆ ಮನಸ್ಸಿಗೆ ತಂಪು ಎನ್ನುತ್ತಾರೆ. ನನ್ನದೇಕೋ ಒಲೆಯ ಹಾಗೆ ಹತ್ತಿಕೊಳ್ಳುತ್ತಿತ್ತು.

ಕಳೆದ ಚಳಿಗಾಲದಲ್ಲಿ ನಿಮ್ಮಮ್ಮ ರೂಪಾಳ ಆಫೀಸಿನವರು ಊಟಕ್ಕೆ ಬಂದರಲ್ಲ, ಅವತ್ತು ಅನಾಹುತವಾಯಿತು. ಹಿತಕಿದಬೇಳೆ ಸಾರು ಕುದಿಯುತ್ತಿತ್ತು. ಕೈಗೆ ಹಳೆಯ ಅಭ್ಯಾಸ ನೋಡಿ, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಅದು ಉಪ್ಪು ನೋಡಲು. ಎರಡನೆಯ ಸಲ ನೆಕ್ಕಿದ್ದು ಏತಕ್ಕೆಂದು ಕೇಳಬೇಡಿ. ಮೂರನೆಯ ಸಲಕ್ಕೆ ಸೌಟು ಎತ್ತಿದಾಗ ಜ್ಞಾನ ಬಂತು. ಗಂಗೆಯಲ್ಲಿ ಬಿಟ್ಟದ್ದನ್ನು ತಿಂದುಬಿಟ್ಟೆ! ನಿಮ್ಮ ತಾತನ ಪುಣ್ಯವನ್ನು ಸೌಟಿನಲ್ಲಿ ತೆಗೆದು ನಾನೇ ನೆಕ್ಕಿದ ಹಾಗಾಯಿತು. ಮೂರು ದಿನ ಅವರ ಫೋಟೋದ ಕಡೆ ನೋಡಲಿಲ್ಲ, ಹೂವನ್ನೂ ಮುಖ ತಿರುಗಿಸಿಕೊಂಡೇ ಇಟ್ಟೆ.

ನಾಲ್ಕನೆಯ ದಿನ ಪ್ರಾಯಶ್ಚಿತ್ತ ಕೇಳೋಣವೆಂದು ಆಂಜನೇಯನ ಗುಡಿಗೆ ಹೋದೆ. ಅರ್ಚಕರ ಹತ್ತಿರ ಯಾರೋ ಇದ್ದರು. ಅವರು ಹೋಗಲಿ ಎಂದು ಪ್ರದಕ್ಷಿಣೆ ಹಾಕಿದೆ. ಅವರು ಹೋದ ಮೇಲೆ ಧೈರ್ಯ ಬರಲಿ ಎಂದು ಇನ್ನಷ್ಟು ಹಾಕಿದೆ. ಕೊನೆಗೆ ಅರ್ಚಕರೇ, "ಏನಮ್ಮಾ, ಏನಾದ್ರೂ ಹೇಳ್ಬೇಕಿತ್ತಾ?" ಅಂದರು. "ಇಲ್ಲ ಸ್ವಾಮಿ, ಬಿಸಿಲು ಜಾಸ್ತಿ" ಎಂದು ಹೇಳಿ ಮನೆಗೆ ಬಂದೆ.

ಇನ್ನು ಉಳಿದದ್ದು ಅಕ್ಕ. ಹಿಂದಿನ ಬೀದಿಯ ಅವರ ಮನೆಗೆ ಹೋದಾಗ ಜಗಲಿಯ ಮೇಲೆ ಕಾಳು ಹಿತುಕುತ್ತಾ ಕೂತಿದ್ದರು. ಅಳುತ್ತಾ ಎಲ್ಲ ಹೇಳಿದೆ.

"ಅವರೆಕಾಯ್ ಬಿಟ್ಟಿದ್ದಾ? ನೀನಾ? ಯಾವಾಗ್ಲೇ?" ಅಂದರು.

"ಕಾಶೀಲಿ ಅಕ್ಕ."

"ಅಯ್ಯೋ ನಿನ್ನ! ಕಾಶೀಲಿ ನೀನು ಬಾಯಿ ಎಲ್ಲಿ ಬಿಟ್ಟೆ? ಆ ಪುರೋಹಿತ ಮೂರು ಸಲ ಕೇಳ್ದ. ನೀನು ಕಣ್ಮುಚ್ಕೊಂಡು ಕಂಬದಂಗೆ ನಿಂತಿದ್ದೆ. ಹಿಂದೆ ಜನ ನೂಕ್ತಾವ್ರೆ. 'ಇವಳು ಕೋಪ ಬಿಟ್ಳು ಅಂತ ಮಾಡಿ ಸ್ವಾಮಿ' ಅಂದೆ. ಅವನು ಮಂತ್ರ ಹೇಳಿ ನೀರು ಬಿಡಿಸ್ದ."

"ಕೋಪಾನಾ? ನನ್ ಕೋಪಾನಾ?"

"ಇನ್ಯಾರ್ದು? ನಿನ್ನತ್ರ ಅದೇ ತಾನೇ ಬೇಕಾದಷ್ಟಿದ್ದಿದ್ದು!"

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೋಪ ಮಾಡ್ಕೋತಿದ್ದೆ."

ನಾಲ್ಕು ವರ್ಷ ನಾನು ಸಾರು ಮುಟ್ಟದಿದ್ದುದನ್ನು ಕಂಡೂ ಯಾಕೆ ಕೇಳಲಿಲ್ಲ ಅಂದರೆ, "ಗ್ಯಾಸಿಗೆ ಬಿಟ್ಟಿದ್ದೀಯ ಅಂದ್ಕೊಂಡೆ ಕಣೆ" ಅಂದರು. ಆದರೂ ಮನಸ್ಸಿನ ಅಳುಕು ಹೋಗಲಿಲ್ಲ. "ಬಾಯಲ್ಲಿ ಅನ್ನದೆ ಇದ್ರೂ ಮನಸ್ಸಲ್ಲಿ ಅವರೆಕಾಯೀನೇ ಅಂದಿದ್ದೆ ಅಕ್ಕ. ದೇವರಿಗೆ ಕೇಳಿರಲ್ವಾ?" ಅಂದೆ.

ಅಕ್ಕ ಹಿತುಕುವುದನ್ನು ನಿಲ್ಲಿಸಿದರು. "ಕೇಳಿರುತ್ತೆ. ಅದಕ್ಕೇ ನಾಕು ವರ್ಷ ಇಸ್ಕೊಂಡವ್ನೆ. ಸಾಕು ಅಂತ ಈಗ ಅವನೇ ನಿನ್ನ ಕೈಗೆ ಸೌಟು ಕೊಟ್ಟವ್ನೆ. ನನ್ನ ಮೈದುನ ಎಂಥೋನು ಅಂತ ನಂಗೊತ್ತಿಲ್ವಾ? ಕಾಳು ಹಿತುಕಿ ಹಿತುಕಿ, ದಪ್ಪದಪ್ಪವೆಲ್ಲ ನಿನ್ನ ತಟ್ಟೆಗೆ ಬೀಳ್ಲಿ ಅಂತ ನೋಡ್ತಿದ್ದೋನು. ನೀನು ಮಜ್ಜಿಗೆ ಕುಡ್ಕೊಂಡು ಮುಖ ಊದಿಸ್ಕೊಂಡಿದ್ರೆ ಅವನಿಗೆ ಯಾವ ಪುಣ್ಯವೇ? ಏಳು, ಮುದ್ದೆ ಬಿಸಿಯಾಗೈತೆ."

ಒಳಗೆ ಕರೆದುಕೊಂಡು ಹೋಗಿ ಬಡಿಸಿದರು. ಎರಡು ಮುದ್ದೆ ತಿಂದೆ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಹೇಳಿದೆ, ಅಕ್ಕನೂ ಹೌದೆಂದರು. ಎದೆಯ ಮೇಲಿನ ಬೀಸುವ ಕಲ್ಲು ಇಳಿಸಿದ ಹಾಗಾಯಿತು. ಮನೆಗೆ ಬಂದು ಮೊದಲು ನಿಮ್ಮ ತಾತನ ಫೋಟೋ ಒರೆಸಿ, ಎದುರಿಗೆ ನಿಂತು ಹೂವಿಟ್ಟೆ.

ಆಗ ಹೊಳೆಯಿತು. ಅವರೆಕಾಯಿ ವ್ರತವೇನೋ ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ಕೆಟ್ಟಿತು. ಕೋಪದ ವ್ರತ? ಅದು ಘಟ್ಟದ ಮೆಟ್ಟಿಲು ಹತ್ತುವಾಗಲೇ ಕೆಟ್ಟಿತ್ತು, ಯಾರೋ ನನ್ನ ಒಣಗಿದ ಸೀರೆಯನ್ನು ತುಳಿದರು. ಅವರೆಯಾದರೆ ಶಿವರಾತ್ರಿಯ ಹೊತ್ತಿಗೆ ಮುಗಿದುಹೋಗುತ್ತದೆ. ಕೋಪ ಹನ್ನೆರಡು ತಿಂಗಳೂ ಬಿಡುವ ಕಾಯಿ. ಈಗ ಪ್ರತಿದಿನ ಬೆಳಿಗ್ಗೆ ದೀಪ ಹಚ್ಚಿ, ಇವತ್ತು ಒಂದು ದಿನ ಬಿಟ್ಟೆ ಸ್ವಾಮಿ ಎನ್ನುತ್ತೇನೆ. ಕೆಲವು ದಿನ ತಿಂಡಿಯವರೆಗೂ ನಡೆಯುತ್ತದೆ. ಮಾರನೆಯ ದಿನ ನಾಚಿಕೆಯಿಲ್ಲದೆ ಮತ್ತೆ ಅದೇ ಮಾತು ಹೇಳುತ್ತೇನೆ, ಅವನೂ ಬೇಸರವಿಲ್ಲದೆ ಕೇಳುತ್ತಾನೆ. ನನಗೆ ತಿಳಿದಷ್ಟು ಭಕ್ತಿ ಇಷ್ಟೇ ಮಕ್ಕಳೇ.

ಈ ಹಾಳೆಗಳನ್ನು ಕಳೆಯದೆ ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ನಿಮ್ಮ ಮಕ್ಕಳಿಗೂ ತೋರಿಸಿ. ಆದರೆ ನಾನು ಬೈಯುತ್ತಿರುವಾಗ ಮಾತ್ರ ತಂದು ನನ್ನ ಮುಂದೆ ಹಿಡಿಯಬೇಡಿ. ಹರಿದು ಹಾಕಿಬಿಟ್ಟೇನು.